ಅಡುಗೆಮನೆಯ ಹಲಗೆ ನೆಲ

ಬೆಳಿಗ್ಗೆ ಆರೂ ನಲವತ್ತಕ್ಕೆ ಅಡುಗೆಮನೆಯ ನೆಲ ಕುಸಿಯಿತು. ಹಾಲು ಯಾಕೆ ಇನ್ನೂ ಬಂದಿಲ್ಲವೆಂದು ಆಗಷ್ಟೇ ಗಡಿಯಾರ ನೋಡಿದ್ದೆ. ಗ್ಯಾಸ್ ಒಲೆ ಇನ್ನೂ ಹಚ್ಚಿರಲಿಲ್ಲ.

ನಮ್ಮದು ಕುಂದೂರಿನ ಆಚೆ, ಒಡೆದು ಮಾರಿದ ಎಸ್ಟೇಟಿನ ಹಳೆಯ ಬಂಗಲೆ. ಕಟ್ಟಿಸಿದವರು ಅಡುಗೆಮನೆಯನ್ನು ಹೊರಗಿಟ್ಟಿದ್ದರು. ಗ್ಯಾಸ್ ಬಂದ ವರ್ಷ ನಾವು ಅಡುಗೆಯನ್ನು ಒಳಗಿನ ಊಟದ ಕೋಣೆಗೆ ತಂದೆವು. ಅಲ್ಲಿಯ ನೆಲ ಮರದ್ದು. ಹಲಗೆಗಳ ಕೆಳಗೆ ತೊಲೆ, ತೊಲೆಗಳ ಕೆಳಗೆ ಎರಡಡಿ ಟೊಳ್ಳು. ನನ್ನ ಅತ್ತೆಗೆ ಅಡುಗೆಮನೆಯೆಂದರೆ ಬೆಳಿಗ್ಗೆ ನೀರು ಹಾಕಿ ಒರೆಸಿದ ಮೇಲಷ್ಟೇ ಒಲೆ ಹಚ್ಚುವ ಜಾಗ. ನಾಲ್ಕು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ನೀರು ಹಲಗೆಯ ಸಂದಿನಲ್ಲಿ ತಾನೇ ಇಳಿದುಹೋಗುವುದು ಅವರಿಗೆ ಅನುಕೂಲವಾಗಿಯೇ ಕಂಡಿತ್ತು. ಹೊರಗೋಡೆಯ ಬುಡದಲ್ಲಿ ಗಾಳಿಯಾಡಲು ಬಿಟ್ಟಿದ್ದ ಕಂಡಿಗಳಿಗೆ, ಒಮ್ಮೆ ಕೇರೆ ಹಾವು ನುಗ್ಗಿತೆಂದು, ಗೋಣಿ ತುರುಕಿ ಮುಚ್ಚಿದವಳು ನಾನು.

ಆ ದಿನ ಅತ್ತೆ ಒರೆಸುತ್ತ ಸಿಲಿಂಡರಿನ ಹತ್ತಿರ ಬಂದಾಗ ಹಲಗೆ ಹೆಚ್ಚು ಸದ್ದಿಲ್ಲದೆ ಮುರಿಯಿತು. ಅವರ ಬಲಗಾಲು ತೊಡೆಯವರೆಗೆ ಇಳಿಯಿತು. ಸಿಲಿಂಡರ್ ವಾಲಿ ಬಿತ್ತು. ರಬ್ಬರ್ ಪೈಪು ಒಲೆಯಿಂದ ಕಿತ್ತುಬಂದು, ಬಾಯಿ ಆ ತೂತಿನೊಳಗೇ ಜೋತುಬಿದ್ದು ಬುಸುಗುಟ್ಟತೊಡಗಿತು. ನಾನು ನಿಂತೇ ಇದ್ದೆ. ಎಷ್ಟು ಹೊತ್ತು ನಿಂತಿದ್ದೆ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ.

“ಏನೇ ಹಂಗ್ ನೋಡ್ತಾ ನಿಂತೆ? ಮೊದ್ಲು ಅದರ ಬಾಯಿ ಮುಚ್ಚು!” ಎಂದರು ಅತ್ತೆ.

ರೆಗ್ಯುಲೇಟರ್ ತಿರುಗಿಸಿದೆ, ಕಿಟಕಿ ತೆರೆದೆ. ವಾಸನೆ ಕಡಿಮೆಯಾಯಿತು. ಮುಗಿಯಿತೆಂದುಕೊಂಡು ಅವರ ಕಂಕುಳಿಗೆ ಕೈ ಹಾಕಿದೆ.

“ನಿಧಾನ ಕಣೇ, ಹಲಗೆ ಚುಚ್ತೈತೆ. ಪಾದಕ್ಕೆ ಯಾಕೋ ತಣ್ಣಗೆ ಕೊರೀತೈತೆ.”

ನಾನು ಬಿಎಸ್ಸಿಯಲ್ಲಿ ರಸಾಯನಶಾಸ್ತ್ರ ಓದಿದವಳು. ಈ ಗ್ಯಾಸು ಸೋರುವಾಗ ತಣ್ಣಗಿರುತ್ತದೆ, ಗಾಳಿಗಿಂತ ಭಾರ, ತಗ್ಗು ಹುಡುಕಿಕೊಂಡು ಇಳಿಯುತ್ತದೆ ಎಂದು ಗೊತ್ತಿತ್ತು. ಅದು ಕಿಟಕಿಯಿಂದ ಹೋಗಿರಲಿಲ್ಲ, ಹಲಗೆಯಡಿ ಅತ್ತೆಯ ಕಾಲಿನ ಸುತ್ತ ಕೂತಿತ್ತು. ಗೋಡೆಯಾಚೆ ಬಚ್ಚಲಿನಲ್ಲಿ ಸ್ನಾನದ ಹಂಡೆಯ ಕೆಳಗೆ ಬೆಂಕಿ ಉರಿಯುತ್ತಿತ್ತು. ಆ ಗೋಡೆಯ ಬುಡದಲ್ಲಿ, ಹಲಗೆಗಿಂತ ಕೆಳಮಟ್ಟದಲ್ಲಿ, ನೀರಿನ ಪೈಪಿಗೆಂದು ಕೊರೆದ ತೂತಿತ್ತು.

ಅವರನ್ನು ಅಲ್ಲೇ ಬಿಟ್ಟು ಓಡಿದೆ. ಹಂಡೆಯ ಒಲೆಗೆ ಎರಡು ಬಕೆಟ್ ನೀರು ಸುರಿದೆ. ಕೆಂಡ ಕರಿಯಾದದ್ದನ್ನು ನೋಡಿ, ಒದ್ದೆ ಟವೆಲನ್ನು ತೂತಿಗೆ ತುರುಕಿ ವಾಪಸು ಬಂದಾಗ, ನನ್ನ ಗಂಡ ಅತ್ತೆಯ ಕೂಗು ಕೇಳಿ ಕಾಫಿ ಕಣದಿಂದ ಹಾರೆ ಹಿಡಿದು ಒಳಗೆ ಬರುತ್ತಿದ್ದರು. ಅಡ್ಡ ನಿಂತೆ.

“ಹಾರೆ ಬೇಡ. ಮೊಳೆಗೆ ತಗುಲಿ ಕಿಡಿ ಹಾರಿದ್ರೆ? ಕೆಳಗೆಲ್ಲ ಗ್ಯಾಸ್ ತುಂಬೈತೆ. ಮೊದ್ಲು ಹೊರಗಿನ ಗೋಣಿ ಕೀಳಿ.”

“ಅವ್ವ ಅಲ್ಲಿ ಸಿಕ್ಕಾಕ್ಕೊಂಡವ್ಳೆ, ನೀನು ಪಾಠ ಹೇಳ್ತೀಯಾ?”

ಅತ್ತೆಯ ಮುಖ ನೋವಿನಿಂದ ಬಿಳಿಚಿತ್ತು. “ಇವಳ ಬಿಎಸ್ಸಿ ಮುಗಿಯೋ ಹೊತ್ಗೆ ನನ್ ಕಾಲು ಬೇರು ಬಿಟ್ಬುಡ್ತದೆ,” ಎಂದರು. “ಅವಳು ಹೇಳ್ದಂಗೆ ಮಾಡೋ, ಮಾರಾಯ.”

ಗಂಡ ಹೊರಗೆ ಹೋಗಿ ಗೋಣಿಗಳನ್ನೆಲ್ಲ ಕಿತ್ತರು. ಅರ್ಧ ಗಂಟೆ ಗಾಳಿಯಾಡಲು ಬಿಟ್ಟೆವು. ಅಷ್ಟು ಹೊತ್ತೂ ಅತ್ತೆಯ ಬೆನ್ನಿಗೆ ನನ್ನ ಮೊಣಕಾಲು ಆನಿಸಿ ಕೂತಿದ್ದೆ. ಕೊನೆಗೆ ಹಾರೆ ಬೇಕಾಗಲೇ ಇಲ್ಲ, ಹಲಗೆಯ ಅಂಚು ಕೈಯಲ್ಲೇ ರಸ್ಕಿನಂತೆ ಮುರಿದುಬಂತು. ಮೂಳೆ ಮುರಿದಿರಲಿಲ್ಲ. ತೊಡೆಗೆ ಆಲೂರಿನ ಆಸ್ಪತ್ರೆಯಲ್ಲಿ ಹನ್ನೊಂದು ಹೊಲಿಗೆ ಹಾಕಿದರು.

ಮರಗೆಲಸದ ಆಚಾರಿ ಬಂದು ತೊಲೆಯ ತುಂಡನ್ನು ಹಿಂಡಿ ತೋರಿಸಿದ. “ಇದು ಗೆದ್ಲು ತಿಂದಿದ್ದಲ್ಲ ಅಮ್ಮೋರೆ, ನೀವು ಕುಡಿಸಿದ ನೀರು.”

“ಒರೆಸ್ದಿರೋ ಅಡುಗೆಮನೇಲಿ ಅನ್ನ ಬೇಯಿಸೋಕಾಯ್ತದೇನೋ?” ಎಂದರು ಅತ್ತೆ.

“ಒರೆಸಿ, ಯಾರ್ ಬ್ಯಾಡ ಅಂದೋರು. ಬಟ್ಟೆ ಹಿಂಡಿದ್ರೆ ಒಂದ್ ತೊಟ್ಟೂ ಬೀಳ್ಬಾರ್ದು. ಬಿದ್ರೆ ಮುಂದಿನ್ ಸಲ ಎರಡು ಕಾಲೂ ಒಟ್ಗೇ ಹೋಯ್ತವೆ.”

ಅವನು ಹೆಬ್ಬಲಸು ಮರದ ತೊಲೆ ಹಾಕಿದ, ಕಂಡಿಗಳಿಗೆ ಜಾಲರಿ ಬಡಿದ. ಸಿಲಿಂಡರ್ ಹೊರಗಿನ ಸಿಮೆಂಟ್ ಜಗಲಿಗೆ ಹೋಯಿತು. ಹೊಸ ಹಲಗೆಗೆ ಅಗಸೆ ಎಣ್ಣೆಯನ್ನು ತೆಳ್ಳಗೆ ಉಜ್ಜುವುದನ್ನು ನಾನು ಕಲಿತೆ. ಹೆಚ್ಚು ಹಚ್ಚಿದರೆ ಅಂಟುತ್ತದೆ. ಉಜ್ಜಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬಾರದು, ತಾವಾಗಿಯೇ ಹೊತ್ತಿಕೊಳ್ಳುತ್ತವೆ. ಬಿಡಿಸಿ ಹೊರಗೆ ಗಾಳಿಗೆ ಹರವಬೇಕು.

ನೆಲ ಸರಿಯಾದರೂ ಅತ್ತೆ ಒಳಗೆ ಕಾಲಿಡಲಿಲ್ಲ. ಅಡುಗೆ ಹೊರಗಿನ ಹಳೆಯ ಒಲೆಯಲ್ಲೇ ನಡೆಯಿತು. ಅವರ ಕಾಲು ನೋಡಿಕೊಳ್ಳಲು ನಾನು ಅವರ ಕೋಣೆಯಲ್ಲೇ ಮಲಗುತ್ತಿದ್ದೆ, ದಿನವೂ ನಡುರಾತ್ರಿ ಎಚ್ಚರವಾಗಿ ಗಾಳಿ ಮೂಸುತ್ತಿದ್ದೆ. ಅವರೂ ಎದ್ದಿರುತ್ತಿದ್ದರು. ಪಾದಕ್ಕೆ ತಣ್ಣಗಾಗುತ್ತಿದೆ ಎಂದು ಅವರು ಹೇಳದೆ ಇದ್ದಿದ್ದರೆ ಎಂಬಲ್ಲಿಗೆ ನನ್ನ ಯೋಚನೆ ಬಂದು ನಿಲ್ಲುತ್ತಿತ್ತು.

ಗಾಯ ಮಾಗಿದ ಮೇಲೆ ಒಂದು ಸಂಜೆ ಅತ್ತೆ ಬಾಗಿಲಿಗೆ ಬಂದರು. ಕೋಲಿನಿಂದ ಹಲಗೆಗಳನ್ನು ಒಂದೊಂದಾಗಿ ತಟ್ಟಿ, ಎಡಗಾಲಿಟ್ಟು, ಆಮೇಲೆ ಬಲಗಾಲಿಟ್ಟು, ನಡುವೆ ಹೋಗಿ ನಿಂತರು.

“ನೀನೂ ಬಾ. ಇಬ್ರ ಭಾರ ತಡೀತದಾ ನೋಡಾಣ.”

ಹೋಗಿ ಪಕ್ಕದಲ್ಲಿ ನಿಂತೆ. ನೆಲ ಅಲುಗಲಿಲ್ಲ. ಅವರು ಒಲೆ ಹಚ್ಚಿ ಅಕ್ಕಿರೊಟ್ಟಿ ತಟ್ಟಿದರು. ಆ ರಾತ್ರಿ ಇಬ್ಬರಿಗೂ ಎಚ್ಚರವಾಗಲಿಲ್ಲ. ಕಣದಲ್ಲಿ ಆಳುಗಳ ಮಾತು ಕೇಳಿ ಎದ್ದಾಗ ಬಿಸಿಲು ಮಂಚದ ಮೇಲಿತ್ತು, ಅತ್ತೆ ಇನ್ನೂ ಗೊರಕೆ ಹೊಡೆಯುತ್ತಿದ್ದರು.