ಅಲ್ಲವ್ವನ ಮುಂದೆ ಯಾರೂ ನಿಲ್ಲುವಂತಿಲ್ಲ

ಓದುಗ ಪ್ರಭುಗಳೇ, ಕಿವಿ ಗಟ್ಟಿಯಾಗಿ ಹಿಡಿದುಕೊಳ್ಳಿ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ಊರಿನ ಟಾಕೀಸುಗಳಲ್ಲಿ ನನ್ನ ಹಾಗೆ ಬಾಯಿಗೆ ಎರಡು ಬೆರಳಿಟ್ಟು ಶಿಳ್ಳೆ ಹೊಡೆಯುವ ಗಂಡು ಇನ್ನೂ ಹುಟ್ಟಿಲ್ಲ. ನಾನು ಹೊಡೆದ ಮೇಲೆಯೇ ಪರದೆಯ ಮೇಲೆ ಹೀರೋ ಕಾಲು ಎತ್ತುವುದು! ಅಂಥ ನನ್ನನ್ನೂ ಸೋಲಿಸಿದ ಹತ್ತೊಂಬತ್ತು ಮಂದಿ ಹುಕ್ಕೇರಿಯಲ್ಲಿದ್ದಾರೆ. ಅವರಿಗೆ ಬಾಲವಿಲ್ಲ.

ಬೆಳಗಿನ ಆರು ಗಂಟೆ. ಊರಾಚೆಯ ಪ್ರಾಣಿದಯಾ ಟ್ರಸ್ಟಿನ ತೋಟದ ಗೇಟು ಕಿರ್ ಎನ್ನುತ್ತದೆ. ತಲೆಯ ಮೇಲೆ ಕುದುರೆಮಸಾಲೆ ಸೊಪ್ಪಿನ ಹೊರೆ ಹೊತ್ತು ಐವತ್ತೆರಡು ವರ್ಷದ ಅಲ್ಲವ್ವ ಒಳಗೆ ಕಾಲಿಡುತ್ತಾರೆ. ಅಷ್ಟೇ ಸಾಕು, ತಗಡಿನ ಶೆಡ್ಡಿನಿಂದ ‘ಕ್ವೀ, ಕ್ವೀ’ ಎಂದು ಹತ್ತೊಂಬತ್ತು ಗಿನಿಪಿಗ್‌ಗಳು ಒಟ್ಟಿಗೇ ಶಿಳ್ಳೆ ಹೊಡೆಯುತ್ತವೆ. ಇಂಥ ಎಂಟ್ರಿ ಯಾವ ಹೀರೋಗೂ ಸಿಕ್ಕಿಲ್ಲ.

“ಬಂದೇನಿ, ಬಂದೇನಿ. ರಾತ್ರಿ ಉಪಾಸ ಬಿದ್ದವರಂಗ ಒದರ್‍ಬ್ಯಾಡ್ರಿ” ಎಂದು ಅಲ್ಲವ್ವ ಗದರುತ್ತಾರೆ.

ನಾಗನೂರಿನಲ್ಲಿ ಹುಟ್ಟಿ ಹುಕ್ಕೇರಿಗೆ ಸೊಸೆಯಾಗಿ ಬಂದ ಈಕೆ ಕಂಡವರ ಹೊಲದಲ್ಲಿ ಇಪ್ಪತ್ತು ವರ್ಷ ಕಳೆ ಕಿತ್ತವರು. ಆರು ವರ್ಷದ ಹಿಂದೆ, ತೊಂಬತ್ತೇಳರಲ್ಲಿ, ಟ್ರಸ್ಟಿನ ಅಧ್ಯಕ್ಷ ಭೂಪಾಲ ಕಾಕಾ ಒಂದು ಕಾಲೇಜಿನ ಪ್ರಯೋಗಾಲಯದಿಂದ ಆರು ಗಿನಿಪಿಗ್ ಬಿಡಿಸಿಕೊಂಡು ಬಂದರು. ಇರುವೆಯನ್ನೂ ದಾಟಿ ನಡೆಯುವ ಜೈನ ಮನೆತನ ಅವರದು. ಸುದ್ದಿ ಕೇಳಿ ಬಾಲವಾಡಿ ಮಕ್ಕಳು ಬಸ್ಸು ಹತ್ತಿ ಬರತೊಡಗಿದರು. ಹಿಡಿದರು, ಎಳೆದರು, ಕಿರುಚಿದರು. ಹೆದರಿದ ಒಂದು ಪ್ರಾಣಿ ಮೇವು ಬಿಟ್ಟು ಮೂರನೆಯ ದಿನ ಸತ್ತಿತು. “ಇನ್ನೊಮ್ಮೆ ಒಂದ ಜೀವ ನಡುಗಿದ್ರ ಹುಡುಗೂರು ಬರೋದು ಬಂದ್” ಎಂದರು ಕಾಕಾ.

ಮೇವು ಹಾಕುವ ಕೆಲಸಕ್ಕೆ ಸೇರಿದ್ದ ಅಲ್ಲವ್ವ ಆ ತಿಂಗಳಿಡೀ ಶೆಡ್ಡಿನ ಮುಂದೆ ಕುಳಿತು ನೋಡಿದರು. ಆಕಾಶದಲ್ಲಿ ಹದ್ದು ಸುಳಿದರೆ ಕಲ್ಲಾಗುವ ಪ್ರಾಣಿ, ಎದುರಿಗೆ ಮನುಷ್ಯ ನಿಂತರೂ ಹಾಗೇ ಕಲ್ಲಾಗುತ್ತಿತ್ತು. “ನಿಂತಾವ ಹದ್ದ ಆಗ್ತಾನ್ರಿ, ಕುಂತಾವ ಗಿಡ ಆಗ್ತಾನ. ಗಿಡಕ್ಕ ಯಾರ ಅಂಜ್ತಾರು?”

ಅಂದಿನಿಂದ ಇಲ್ಲಿ ಯಾರೂ ನಿಲ್ಲುವಂತಿಲ್ಲ, ಶಾಸಕರು ಬಂದರೂ ಅಷ್ಟೇ. ಮಕ್ಕಳ ಬಳೆ, ಗೆಜ್ಜೆ ಬಾಗಿಲಲ್ಲೇ ಕಳಚುತ್ತವೆ. ಎಲ್ಲರೂ ಕಾಲು ಚಾಚಿ ದುಂಡಗೆ ಕುಳಿತರೆ ಕಾಲುಗಳೇ ಬೇಲಿ. ತೊಡೆಯ ಮೇಲೆ ಕೌದಿಯ ತುಂಡು. ಅದು ಹಿಂದಿನ ರಾತ್ರಿ ಗೂಡಿನಲ್ಲೇ ಇದ್ದದ್ದು, ಪ್ರಾಣಿಗೆ ತನ್ನ ಮನೆಯ ವಾಸನೆ. ಒಂದು ಪ್ರಾಣಿಗೆ ಹತ್ತೇ ನಿಮಿಷ ಡ್ಯೂಟಿ, ಆಮೇಲೆ ಎರಡು ದಿನ ರಜೆ. ವಾರಕ್ಕೆ ಮೂರು ಸಾಲಿ, ಅರವತ್ತು ಎಪ್ಪತ್ತು ಮಕ್ಕಳು. ಐದು ವರ್ಷದಲ್ಲಿ ಒಂದೇ ಒಂದು ಕಡಿತವಿಲ್ಲ.

“ಬಾಯಿ ನೋಡ್ರಿ. ಮೇಯಾಕತ್ತೈತಿ ಅಂದ್ರ ಆರಾಮ ಐತಿ. ಬಾಯಿ ನಿಂತ್ರ ಅಂಜೈತಿ” ಎನ್ನುತ್ತಾರೆ. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, “ನಾ ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ. ಈಗ ಸಾಲೀನ ಬಸ್ ಹತ್ತಿ ನನ್ನ ಕಡೆ ಬರತೈತಿ. ನನಗ ಟೀಚರ್ ಅಂತಾವ್ರಿ ಕೂಸುಗೊಳು!”

ಮೊನ್ನೆ ಗುರುವಾರ ಮೂಡಲಗಿಯ ಇಪ್ಪತ್ತೆರಡು ಮಕ್ಕಳು ಬಂದಿದ್ದಾರೆ. ಏಳು ಪ್ರಾಣಿಗಳು ಏಳು ತೊಡೆಯ ಮೇಲೆ. ಸೊಪ್ಪು ಅಗಿಯುವ ಸದ್ದು ಬಿಟ್ಟರೆ ಮೌನ. ಆಗ ದಢ್ ಎಂದು ಬುಟ್ಟಿ ಬೀಳುತ್ತದೆ. ಏಳೂ ಚೆಲ್ಲಾಪಿಲ್ಲಿ. ಮಕ್ಕಳ ಅಳು ಮುಗಿಲಿಗೆ. ನಮ್ಮ ಹೀರೋಯಿನ್ ಬೆನ್ನಟ್ಟುವುದಿಲ್ಲ. ನೆಲದ ಮೇಲೆ ಉದ್ದಕ್ಕೆ ಮಲಗಿ ಕೌದಿಯ ಅಂಚನ್ನು ಗವಿಯಂತೆ ಎತ್ತಿ ಹಿಡಿಯುತ್ತಾರೆ. “ಎಲ್ಲಾರೂ ಮಲ್ಕೋರಿ ಬಂಗಾರಗೋಳ್ಯಾ, ಅವಕ್ಕ ನಿದ್ದಿ ಬಂದೈತಿ.” ಇಪ್ಪತ್ತೆರಡು ಮಕ್ಕಳು ಮಲಗುತ್ತಾರೆ, ಜೊತೆಗೆ ಟೀಚರ್ ರಾಜೇಶ್ವರಿಯವರೂ. ಕಾಲು ಗಂಟೆಯಲ್ಲಿ ಆರು ಪ್ರಾಣಿ ಒಂದೊಂದಾಗಿ ಕೌದಿಯೊಳಗೆ. ಏಳನೆಯದು ನೀರು ತುಂಬಿಡುವ ದೋಣಿಗಲ್ಲಿನ ಕೆಳಗೆ ನಡುಗುತ್ತಿದೆ.

ಅಳು ಕೇಳಿ ಓಡಿಬಂದ ಭೂಪಾಲ ಕಾಕಾ ಅದನ್ನು ಕಾಣುತ್ತಾರೆ. “ಏನಾತು ಅಲ್ಲವ್ವಾ?”

“ನನ್ನ ಕೈಯಾನ ಬುಟ್ಟಿ ಬಿತ್ರಿ ಕಾಕಾ.”

“ಸೋಮವಾರ ಕಮಿಟಿ ಐತಿ. ನಾ ಆಡಿದ ಮಾತು ಗೊತ್ತೈತಲ್ಲ?” ಎಂದು ಅವರು ನಡೆಯುತ್ತಾರೆ.

ಈಗ ಕ್ಲೈಮ್ಯಾಕ್ಸ್. ಬುಟ್ಟಿ ಬಿದ್ದೇ ಇರಲಿಲ್ಲ, ಮೇಲೆ ನಾನು ಬರೆದದ್ದೂ ಸುಳ್ಳು. ಬೆಳಿಗ್ಗೆ ನನ್ನನ್ನು ಸೋಲಿಸಿದವುಗಳಿಗೆ ಉತ್ತರ ಕೊಡಬೇಕೆಂದು ಎದ್ದು ನಿಂತು, ಬಾಯಿಗೆ ಎರಡು ಬೆರಳಿಟ್ಟವನು ನಾನು. ಕಾಕಾ ಬಂದಾಗ ಕಂಬದ ಹಿಂದೆ ಅಡಗಿದವನೂ ನಾನೇ.

“ನನ್ನ ಹೆಸರು ಯಾಕೆ ಹೇಳಲಿಲ್ಲ?” ಎಂದು ಆಮೇಲೆ ಕೇಳಿದೆ. ಅಲ್ಲವ್ವ ದೋಣಿಗಲ್ಲಿನ ಮುಂದೆ ಸೊಪ್ಪು ಹಿಡಿದು ಕುಳಿತೇ ಇದ್ದರು. ತಿರುಗಿ ನೋಡಲಿಲ್ಲ.

“ನಿನ್ನ ಬಾಯಿನೂ ನಿಂತಿತ್ತಲ್ಲೋ ತಮ್ಮಾ. ಅಂಜಿದ್ದನ್ನ ಬೆನ್ನ ಹತ್ತಬಾರದು. ಕುಂತು ಹಾದಿ ಕಾಯಬೇಕು, ತಾನ ಹೊರಗ ಬರತೈತಿ.”

ಮಧ್ಯಾಹ್ನ ಅದು ಬಂತು, ಸೊಪ್ಪಿಗೆ ಬಾಯಿ ಹಾಕಿತು. ನನಗೆ ಭಾನುವಾರದವರೆಗೆ ಬೇಕಾಯಿತು. ಭೂಪಾಲ ಕಾಕಾ, ಪ್ರತಿ ವಾರ ನೀವು ಈ ಪುರವಣಿ ಓದುತ್ತೀರಿ, ನನಗೆ ಗೊತ್ತು. ನಾಳೆ ಸಭೆಗೆ ಹೋಗುವ ಮೊದಲು ಕೇಳಿ: ಆ ಶಿಳ್ಳೆ ನನ್ನದು.