ಒಂದೇ ಗೊಟ್ಟದ ಅಳತೆ

ನಮ್ಮ ಕಡೆ ಅಮಾವಾಸ್ಯೆಯ ದಿನ ದನಗಳಿಗೆ ನೊಗ ಹೂಡುವುದಿಲ್ಲ. ಯಸಳೂರು ಹತ್ತಿರದ ನಮ್ಮೂರಿನಲ್ಲಿ ಮಳೆಗಾಲದ ಅಮಾವಾಸ್ಯೆಗಳಂದು ಅವಕ್ಕೆ ಹೊಟ್ಟೆಹುಳದ ಔಷಧಿ ಕುಡಿಸುತ್ತಿದ್ದವನು ನಾನು. ಯಾರಾದರೂ ಮೂಗುದಾರ ಹಿಡಿದು ತಲೆ ಎತ್ತಿದರೆ, ದವಡೆಯ ಸಂದಿಗೆ ಬಿದಿರಿನ ಗೊಟ್ಟ ಇಟ್ಟು ಸುರಿಯುತ್ತಿದ್ದೆ. ಒಂದು ದನಕ್ಕೆ ಒಂದು ಗೊಟ್ಟ. ನಮ್ಮ ಗಿಡ್ಡ ನಾಟಿ ದನಗಳಿಗೆ ಸರಿಯಾಗುವಂತೆ ಅದನ್ನು ಕೊಯ್ದಿದ್ದೆ.

ತೊಂಬತ್ತರ ದಶಕದ ಕೊನೆಗೆ ಊರಿಗೆ ದೊಡ್ಡ ಮೈಯ ಮಿಶ್ರತಳಿ ಹಸುಗಳು ಬಂದವು. ದನದ ತೂಕ ನೋಡಿ ಔಷಧಿ ಕೊಡಬೇಕೆಂದು ಬಾಟಲಿಯ ಮೇಲಿತ್ತು. ಹೈಸ್ಕೂಲು ಓದಿದವನು, ಓದಿಕೊಂಡೆ. ಒಂದು ಹಸುವಿಗೆ ಎರಡು ಗೊಟ್ಟ ಕುಡಿಸಿಯೂ ನೋಡಿದೆ. ಮಾರನೆಯ ಬೆಳಿಗ್ಗೆ ಅದರ ಒಡೆಯ ಹಾಲಿನ ಡೈರಿಯ ಮುಂದೆ ಕೂಗಾಡಿದ:

“ಏನ್ ಕುಡಿಸ್‌ಬುಟ್ಟೆ ಮಾರಾಯ? ಹಾಲೇ ಇಳ್ದೋಗೈತೆ! ನೀನೇ ಬಂದು ಕೆಚ್ಚಲಿಗೆ ಬಾಯಿ ಇಟ್ಟು ನೋಡು!”

ಎಲ್ಲರೂ ನಕ್ಕರು. ಅಂದಿನಿಂದ ದೊಡ್ಡದಕ್ಕೂ ಒಂದೇ ಗೊಟ್ಟ ಹಾಕಿದೆ. ವರ್ಷಗಟ್ಟಲೆ ಹಾಗೇ ನಡೆಯಿತು.

ಪಕ್ಕದ ಮನೆಯ ಹೆಂಗಸು, ಗಂಡನಿಲ್ಲದವಳು, ಒಂದು ದೊಡ್ಡ ಮಿಶ್ರತಳಿ ಹಸುವಿನ ಹಾಲಿನಲ್ಲೇ ಸಂಸಾರ ನಡೆಸುತ್ತಿದ್ದಳು. ಅದಕ್ಕೆ ಬೇದಿ ಹತ್ತಿತು. ದವಡೆಯ ಕೆಳಗೆ ನೀರು ತುಂಬಿ ಜೋತುಬಿತ್ತು. ಡಾಕ್ಟರು ಬಂದು ಸಗಣಿ ಪರೀಕ್ಷೆ ಮಾಡಿಸಿದರೆ ತುಂಬ ಹುಳದ ಮೊಟ್ಟೆ.

“ಔಷಧಿ ಹಾಕ್ಸದೆ ತಪ್ಪಿಸಿದೀಯಲ್ಲಮ್ಮ?” ಎಂದರು ಅವಳಿಗೆ.

“ಒಂದಮಾಸೆನೂ ತಪ್ಸಿಲ್ಲ ಸಾಮಿ. ಅಣ್ಣಯ್ಯನ್ನೇ ಕೇಳಿ.”

ಡಾಕ್ಟರು ನನ್ನತ್ತ ನೋಡಿದರು. ನಾನು ಹಸುವಿನ ಬೆನ್ನು ಸವರುತ್ತ ನಿಂತೆ. ಅವಳೇ ಔಷಧಿ ತಪ್ಪಿಸಿದ್ದಾಳೆಂದು ಅವರು ತಿಳಿದುಕೊಂಡರು. ಅದೇ ಔಷಧಿಯನ್ನು ತೂಕಕ್ಕೆ ತಕ್ಕಷ್ಟು ಕುಡಿಸಿ ಹೋದರು.

ಹುಳ ಹೋಗಲಿಲ್ಲ. ಮತ್ತೆ ಬಂದಾಗ ಅವರು ತಮ್ಮಷ್ಟಕ್ಕೆ ಹೇಳಿಕೊಂಡರು: “ಯಾರೋ ಅರೆಬರೆ ಕುಡಿಸಿದಾರೆ. ಹಾಗೆ ಮಾಡಿದ್ರೆ ತಡ್ಕೊಂಡ ಹುಳ ಉಳ್ಕೊಂಡು, ಅವುಗಳ ಸಂತಾನವೇ ಬೆಳೆಯುತ್ತೆ. ಆಮೇಲೆ ಪೂರ್ತಿ ಕೊಟ್ರೂ ಸಾಯಲ್ಲ. ಮೊದಲೇ ಗೊತ್ತಾಗಿದ್ರೆ ಬೇರೆ ಔಷಧಿ ಹಾಕ್ತಿದ್ದೆ.” ಆ ಬೇರೆ ಔಷಧಿ ಸಕಲೇಶಪುರದಿಂದ ಬರುವಷ್ಟರಲ್ಲಿ ಹಸು ಮಲಗಿದ್ದು ಏಳಲಿಲ್ಲ.

ಮುಂದಿನ ಅಮಾವಾಸ್ಯೆಗೆ ಅವಳು ಅದರ ಕರುವನ್ನು ಹಿಡಿದು ಬಂದಳು. “ಇದುಕ್ಕಾದ್ರೂ ಕುಡ್ಸಣ್ಣಯ್ಯ. ನಿನ್ ಕೈಗುಣ ಒಳ್ಳೇದು.”

“ಡಾಕ್ಟ್ರ ಹತ್ರ ಹೊಡ್ಕೊಂಡ್ ಹೋಗವ್ವ. ನನಗೆ ಕೈ ನಡುಗ್ತೈತೆ,” ಎಂದೆ. ಅದೂ ಸುಳ್ಳೇ. ಕರು ಉಳಿಯಿತು. ಮತ್ತೆ ನಾನು ಗೊಟ್ಟ ಹಿಡಿಯಲಿಲ್ಲ.

ಹಸು ಸತ್ತದ್ದು ಅವಳ ಅಸಡ್ಡೆಯಿಂದ ಎಂದು ಊರು ಈಗಲೂ ಆಡುತ್ತದೆ. ಅವಳು ಒಂದು ಅಮಾವಾಸ್ಯೆಯನ್ನೂ ತಪ್ಪಿಸಿರಲಿಲ್ಲ.