ರೋಲರ್ ಮುಂದೆ ಕಟ್ಟಿದ ನಿಂಬೆಹಣ್ಣು

ಒಣಮೆಣಸಿನಕಾಯಿ ಸುಟ್ಟ ಘಾಟು ಅಡುಗೆಮನೆಯಿಂದ ಬಂದರೆ ಯಾರೂ ಗಾಬರಿಯಾಗುವುದಿಲ್ಲ. ಕಿಟಕಿ ತೆರೆದು, ಎರಡು ಸಲ ಸೀನಿ, ಕೆಲಸ ಮುಂದುವರಿಸುತ್ತೇವೆ. ಅದೇ ಘಾಟು ಕಾಗದದ ಕಾರ್ಖಾನೆಯಲ್ಲಿ ಬಂದರೆ? ಅದೂ ಹೊಸ ಯಂತ್ರದ ಸ್ವಿಚ್ ಒತ್ತಿ, ಆರತಿ ತಟ್ಟೆಯ ದೀಪ ಆರುವ ಮೊದಲೇ?

ಕಳೆದ ಅಮಾವಾಸ್ಯೆಯಂದು ಮುಂಡರಗಿ ಹತ್ತಿರದ ಒಂದು ಪೇಪರ್ ಮಿಲ್ಲಿನಲ್ಲಿ ಹೀಗೇ ಆಯಿತು. ನಾನು ಅಲ್ಲೇ ಇದ್ದೆ. ಎಲ್ಲರಿಗಿಂತ ಮೊದಲು ಕೆಮ್ಮಿದವಳೂ ನಾನೇ.

ನಿವೃತ್ತ ಮುಖ್ಯೋಪಾಧ್ಯಾಯಿನಿಗೆ ಮಿಲ್ಲಿನಲ್ಲೇನು ಕೆಲಸ ಎನ್ನುತ್ತೀರಾ? ನನ್ನ ಸೊಸೆ ಸವಿತಾ ಅಲ್ಲಿ ಎಂಜಿನಿಯರ್. ದಿನಾ ಗದಗಿನಿಂದ ಬೆಳಗಿನ ಬಸ್ಸಿಗೆ ಹೋಗುತ್ತಾಳೆ. (ಇವತ್ತಿನವರೆಗೆ ಒಂದು ದಿನವೂ ಬಸ್ ತಪ್ಪಿಸಿಕೊಂಡಿಲ್ಲ. ಇದನ್ನು ನಾನು ಯಾರೂ ಕೇಳದಿದ್ದರೂ ಹೇಳುತ್ತೇನೆ.) ಹೊಸ ಯಂತ್ರದ ಪೂಜೆಗೆ ಕೆಲಸಗಾರರ ಮನೆಯವರೆಲ್ಲ ಬರಬೇಕೆಂದು ಮಾಲೀಕರು ಹೇಳಿ ಕಳಿಸಿದ್ದರು. ಇಸ್ತ್ರಿ ಮಾಡಿದ ಸೀರೆ ಉಟ್ಟು, ಹೇಳಿದ ಹೊತ್ತಿಗಿಂತ ಮೊದಲೇ ಹೋಗಿ ಕುಳಿತಿದ್ದೆ.

ಯಂತ್ರ ಎಂದರೆ ಇಡೀ ಮಿಲ್ ಅಲ್ಲ. ಕಾಗದ ತಯಾರಾಗಿ ಬಂದ ಮೇಲೆ ಕೊನೆಯಲ್ಲಿ ಎರಡು ಭಾರೀ ಉಕ್ಕಿನ ರೋಲರ್‌ಗಳ ನಡುವೆ ಒತ್ತಿಸಿಕೊಂಡು ನುಣುಪಾಗುತ್ತದೆ. ಕೆಲಸಗಾರರು ಅವನ್ನು ಇಸ್ತ್ರಿ ರೋಲರ್ ಎನ್ನುತ್ತಾರೆ. ಇಸ್ತ್ರಿಗೆ ಬಿಸಿ ಬೇಕಲ್ಲ? ಇಷ್ಟು ವರ್ಷ ರೋಲರ್‌ನ ಹೊಟ್ಟೆಯೊಳಗೆ ಉಗಿ ಬಿಟ್ಟು ಕಾಯಿಸುತ್ತಿದ್ದರು. ಆದರೆ ಉಗಿಗೆ ಇಲ್ಲಿ ಹೆಚ್ಚು ಕಾಯಿಸು, ಅಲ್ಲಿ ಕಡಿಮೆ ಕಾಯಿಸು ಎಂದು ಹೇಳಲು ಬರುವುದಿಲ್ಲ. ಕಾಗದ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಬೆಟಗೇರಿಯ ನೋಟ್‌ಬುಕ್ ತಯಾರಕರೊಬ್ಬರು, ಅಂಚು ಸಡಿಲ ಬರುತ್ತದೆ, ನಮ್ಮ ಮಷೀನಿನಲ್ಲಿ ಹರಿಯುತ್ತದೆ ಎಂದು ಕಾಗದದ ರೀಲುಗಳನ್ನು ತಿರುಗಿ ಕಳಿಸತೊಡಗಿದ್ದರು.

ಸವಿತಾ ಹೇಳಿದ ಪರಿಹಾರ ಇಂಡಕ್ಷನ್. ನಿಮ್ಮ ಮನೆಯ ಇಂಡಕ್ಷನ್ ಒಲೆಯನ್ನೇ ನೆನೆಸಿಕೊಳ್ಳಿ. ಬೆಂಕಿ ಇಲ್ಲ, ಕೆಂಡ ಇಲ್ಲ, ಪಾತ್ರೆ ಮಾತ್ರ ತಾನೇ ಕಾಯುತ್ತದೆ. ಇಲ್ಲಿ ರೋಲರ್ ಎದುರು ಸಾಲಾಗಿ ತಾಮ್ರದ ಸುರುಳಿಗಳು, ಅಂದರೆ ಕಾಯಿಲ್‌ಗಳು. ಯಾವುದೂ ರೋಲರ್‌ಗೆ ಮುಟ್ಟುವುದಿಲ್ಲ. ಕಾಗದ ಎಲ್ಲಿ ದಪ್ಪ ಬರುತ್ತದೋ ಅಲ್ಲಿನ ಕಾಯಿಲ್‌ಗೆ ಕರೆಂಟ್ ಹೆಚ್ಚಿಸಿದರೆ, ರೋಲರ್ ಅಷ್ಟೇ ಜಾಗದಲ್ಲಿ ಕಾದು ಕೂದಲೆಳೆಗಿಂತ ಕಡಿಮೆ ಉಬ್ಬುತ್ತದೆ. ಅಷ್ಟು ಸಾಕು, ಕಾಗದ ಅಲ್ಲಿ ಇನ್ನಷ್ಟು ಒತ್ತಿಸಿಕೊಳ್ಳುತ್ತದೆ.

ಮಾಲೀಕರು ಹಳೆಯ ವ್ಯಾಪಾರಸ್ಥ ಮನೆತನದವರು. ಒಳ್ಳೆಯವರು, ಆದರೆ ಹೊಸದೆಂದರೆ ಹುಬ್ಬು ಗಂಟು. ಉಗಿ ನಮ್ಮ ತಂದೆಯ ಕಾಲದಿಂದ ಮೋಸ ಮಾಡಿಲ್ಲ ಎಂದರಂತೆ. ಕೊನೆಗೆ ಯಂತ್ರ ಟ್ರಯಲ್ ಮೇಲೆ ಬಂತು. ಮೊದಲ ರೀಲ್ ಸರಿ ಬರದಿದ್ದರೆ ವಾಪಸ್. ಅದರ ಜೊತೆಗೆ ಸವಿತಾ ತನ್ನದೂ ಒಂದು ಮಾತು ಸೇರಿಸಿದ್ದಳು: ರೀಲ್ ಕೆಟ್ಟರೆ ಮಷೀನಿನ ಉಸ್ತುವಾರಿ ಬಿಟ್ಟು, ಮೊದಲಿದ್ದ ಹಾಗೆ ಲ್ಯಾಬಿನ ಮೂಲೆಯಲ್ಲಿ ಕಾಗದ ತೂಗುತ್ತ ಕೂಡುತ್ತೇನೆ.

ಇಂಥ ಮಾತು ಮನೆಯಲ್ಲಿ ಯಾರನ್ನಾದರೂ ಕೇಳಿ ಆಡುತ್ತಾರೆಯೇ? ಇಲ್ಲ. ಆಡಿ ಬಂದು ಹೇಳುತ್ತಾರೆ.

ಪೂಜೆ ಆಯಿತು. ಕಾಯಿ ಒಡೆಯಿತು. ರೋಲರ್ ತಿರುಗತೊಡಗಿತು. ಸವಿತಾ ಸ್ವಿಚ್ ಒತ್ತಿದಳು. ಸ್ವಲ್ಪ ಹೊತ್ತಿಗೆ ಕಾಯಿಲ್ ಸಾಲಿನ ಒಂದು ತುದಿಯಿಂದ ತೆಳ್ಳಗೆ ಹೊಗೆ. ಆಮೇಲೆ ಆ ಘಾಟು. ನಾನು ಕೆಮ್ಮಿದೆ, ಪೂಜಾರಿ ಕೆಮ್ಮಿದರು, ಮಾಲೀಕರು ಶಲ್ಯದಿಂದ ಬಾಯಿ ಮುಚ್ಚಿಕೊಂಡರು. ಅರ್ಧ ಜನ ಬಾಗಿಲ ಹೊರಗೆ.

ಮಾಲೀಕರು ಯಂತ್ರ ಬಂದ್ ಮಾಡಿಸಿದರು. ಸುಟ್ಟಿತು ಎಂದೇ ಎಲ್ಲರ ತೀರ್ಮಾನ. ನಾಳೆಯೇ ಲಾರಿ ತರಿಸಿ, ಕಟ್ಟಿ ಕಳಿಸಿಬಿಡಿ ಎಂದು ಮಾಲೀಕರು ಮ್ಯಾನೇಜರಿಗೆ ಅಲ್ಲೇ ಹೇಳಿದರು. ಸವಿತಾಳತ್ತ ನೋಡಲೂ ಇಲ್ಲ.

ಅವಳು ಓಡಾಡಲಿಲ್ಲ, ವಾದಿಸಲಿಲ್ಲ. ಕರೆಂಟ್ ಪೂರ್ತಿ ಬಂದ್ ಆಗಿದೆಯೇ ನೋಡಿದಳು. ಸೆರಗು ಸಿಕ್ಕಿಸಿ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಬಗ್ಗಿ ಕಾಯಿಲ್ ಸಾಲಿನ ಕೆಳಗೆ ಹೋದಳು. ಹೊರಬಂದಾಗ ಇಕ್ಕಳದ ತುದಿಯಲ್ಲಿ ಒಂದು ತಂತಿ. ತಂತಿಯಲ್ಲಿ ಪೋಣಿಸಿದ ನಿಂಬೆಹಣ್ಣು, ಅದರ ಕೆಳಗೆ ಕರ್ರಗಾದ ಮೆಣಸಿನಕಾಯಿಗಳು.

ದೃಷ್ಟಿಗೆ ಕಟ್ಟಿದ್ದು!

"ಯಾರು ಕಟ್ಟಿದವರು ಇದನ್ನ?" ಎಂದರು ಮಾಲೀಕರು.

ಕೇಳಬೇಕಾಗಿರಲಿಲ್ಲ. ಪ್ರತಿ ಅಮಾವಾಸ್ಯೆಗೆ ಕಟ್ಟುವವನು ಫಕೀರಪ್ಪ. ಸೊರಟೂರಿನವನು, ಆ ರೋಲರ್ ಮುಂದೆಯೇ ತಲೆ ನರೆತವನು. ಮೆಣಸಿನಕಾಯಿಯೂ ಅವನ ಹೊಲದ್ದೇ, ಒಳ್ಳೆಯ ಖಾರದ್ದು (ನನ್ನ ಗಂಟಲು ಸಾಕ್ಷಿ). ಉಗಿ ರೋಲರ್ ಹತ್ತಿರ ನೂಲು ಕಟ್ಟಿದರೆ ಕರಕಲಾಗಿ ಹರಿದು, ನಿಂಬೆಹಣ್ಣು ಕಾಗದದ ಮೇಲೆ ಬೀಳುತ್ತದೆ. ಅದಕ್ಕೇ ಆ ಮಿಲ್ಲಿನಲ್ಲಿ ಯಾವತ್ತೂ ಕಬ್ಬಿಣದ ತಂತಿ. ಹಳೆಯ ಯಂತ್ರಕ್ಕೆ ಅದೇ ಸರಿಯಾದ ಕ್ರಮ. ಹೊಸದಕ್ಕೆ ದೃಷ್ಟಿ ಹೆಚ್ಚು ತಾಗುತ್ತದೆಂದು ಈ ಸಲ ಕಾಯಿಲ್‌ನ ಮುಂದೆಯೇ ಕಟ್ಟಿದ್ದ.

ಫಕೀರಪ್ಪ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಬಾಯಿ ತೆರೆಯುವಷ್ಟರಲ್ಲಿ ಸವಿತಾ ನಡುವೆ ಬಂದಳು.

"ಸಾವಕಾರ್ರ, ಕಟ್ಟಿದ್ದು ತಪ್ಪಲ್ಲರಿ. ತಂತಿ ಅಷ್ಟ ತಪ್ಪು. ಕಾಯಿಲ್ ಹತ್ರ ಲೋಹ ಇರಬಾರದು ಅಂತ ನಾನ ಎಲ್ಲಾರಿಗೂ ಹೇಳಬೇಕಾಗಿತ್ತು. ಹೇಳಿಲ್ಲ." ಆಮೇಲೆ ಇಕ್ಕಳ ಮುಂದೆ ಹಿಡಿದಳು. "ಈ ತಂತಿಗೆ ಯಾರರ ಬೆಂಕಿ ಹಚ್ಚ್ಯಾರೇನ್ರಿ? ಯಾವುದಕ್ಕೂ ಮುಟ್ಟಿಲ್ಲ, ತಾನ ಕಾದೈತಿ. ರೋಲರ್ ಕಾಯೂದೂ ಹಿಂಗರಿ. ಮಷೀನ್ ಸುಟ್ಟಿಲ್ಲ. ಕೆಲಸ ಮಾಡೈತಿ."

ಮಾಲೀಕರು ತಂತಿ ನೋಡಿದರು, ಅವಳನ್ನು ನೋಡಿದರು. ಒಂದು ರೀಲ್ ಆಗಲಿ, ಆಮೇಲೆ ನೋಡೋಣ ಎಂದರು. ಆದರೆ ಇನ್ನು ಮೇಲೆ ಈ ನಿಂಬೆಹಣ್ಣು ಗಿಂಬೆಹಣ್ಣು ಒಳಗೆ ಬರಕೂಡದು, ಬೋರ್ಡ್ ಬರೆಸಿ ಹಾಕಿ ಎಂದೂ ಸೇರಿಸಿದರು.

ಫಕೀರಪ್ಪನ ಮುಖ ಇನ್ನಷ್ಟು ಸಣ್ಣದಾಯಿತು.

"ಬೋರ್ಡ್ ಬ್ಯಾಡರಿ," ಎಂದಳು ಸವಿತಾ. ಪೂಜೆಗೆ ಹಾಕಿದ್ದ ಹೂಮಾಲೆಯಿಂದ ಹತ್ತಿಯ ನೂಲು ಎಳೆದುಕೊಂಡಳು, ಹರಿವಾಣದಲ್ಲಿ ಉಳಿದಿದ್ದ ಒಂದು ನಿಂಬೆಹಣ್ಣು ತಂದು ಫಕೀರಪ್ಪನ ಕೈಗೆ ಕೊಟ್ಟಳು. "ಕಾಕಾ, ಇದರಾಗ ಕಟ್ಟರಿ. ಅಲ್ಲಿ, ಕಂಬಕ್ಕ. ನೂಲಿಗೆ ಏನೂ ಆಗಂಗಿಲ್ಲ."

ಅವನು ಕಟ್ಟಿದ. ಅವಳು ಕಾಯಿಲ್‌ನ ಮುಖ ಒರೆಸಿ, ಒಂದೊಂದನ್ನೂ ಪರೀಕ್ಷಿಸಿ, ಮತ್ತೆ ಸ್ವಿಚ್ ಒತ್ತಿದಳು. ಈ ಸಲ ಯಾರೂ ಕೆಮ್ಮಲಿಲ್ಲ. ಉಸಿರಾಡಿದ್ದೂ ಕಡಿಮೆಯೇ.

ರೀಲ್ ತುಂಬಿ ಪಕ್ಕಕ್ಕೆ ಇಳಿಯಿತು. ರೀಲ್ ಹೇಗೆ ಬಂದಿದೆ ಎಂದು ತಿಳಿಯುವ ಹಳೆಯ ಪದ್ಧತಿ ಒಂದಿದೆ. ಗಟ್ಟಿ ಕಟ್ಟಿಗೆಯ ಕೋಲಿನಿಂದ ಈ ತುದಿಯಿಂದ ಆ ತುದಿಗೆ ಬಡಿಯುತ್ತ ಹೋಗುವುದು. ಕಾಗದ ದಪ್ಪ ಇದ್ದಲ್ಲಿ ಗಟ್ಟಿ ಸಪ್ಪಳ, ತೆಳು ಇದ್ದಲ್ಲಿ ಮೆತ್ತನೆಯ ಸಪ್ಪಳ. ನಾವು ಕಲ್ಲಂಗಡಿ ಬಡಿದು ನೋಡುತ್ತೇವಲ್ಲ, ಹಾಗೆ. ಆ ಮಿಲ್ಲಿನಲ್ಲಿ ಕೋಲು ಹಿಡಿಯುವವನೂ ಫಕೀರಪ್ಪನೇ.

ಅವನು ಕಿವಿ ಹತ್ತಿರ ಇಟ್ಟು ಬಡಿಯುತ್ತ ಹೋದ. ತುದಿ ಮುಟ್ಟಿದ. ಅಲ್ಲಿಂದ ತಿರುಗಿ ಬಡಿಯುತ್ತ ಬಂದ. ಕೋಲನ್ನು ತಿರುಗಿಸಿ ನೋಡಿದ. ಸವಿತಾ ಎರಡೂ ಕೈ ಹಿಂದೆ ಕಟ್ಟಿ ನಿಂತಿದ್ದಳು. ಆ ಬೆರಳುಗಳು ಒಂದನ್ನೊಂದು ಹಿಸುಕುತ್ತಿದ್ದದ್ದು ಅವಳ ಹಿಂದೆ ನಿಂತಿದ್ದ ನನಗೊಬ್ಬಳಿಗೇ ಕಾಣುತ್ತಿತ್ತು.

"ಮೇಡಂ," ಎಂದ ಫಕೀರಪ್ಪ, "ಈ ಕೋಲರ ಕೆಟ್ಟೈತೇನೋರಿ. ಎಲ್ಲಾ ಕಡೆ ಒಂದ ಸಪ್ಪಳ ಮಾಡಾಕತ್ತೈತಿ."

ಮಾಲೀಕರು ಕೋಲು ಇಸಿದುಕೊಂಡು ತಾವೇ ಬಡಿದರು. ಅಲ್ಲಲ್ಲಿ, ಮೋಸ ಹಿಡಿಯುವವರ ಹಾಗೆ. ಹೊಗಳಲಿಲ್ಲ. (ವ್ಯಾಪಾರಸ್ಥರ ಬಾಯಿಂದ ಹೊಗಳಿಕೆ ಸುಲಭಕ್ಕೆ ಬೀಳದು.) ಮ್ಯಾನೇಜರನ್ನು ಕರೆದು ಲಾರಿ ಬೇಡ ಎಂದರು. ಹೊರಡುವಾಗ ಒಂದು ಕ್ಷಣ ನಿಂತು, ಎರಡನೇ ರೀಲನ್ನು ಯಾವಾಗ ಹಾಕುತ್ತೀರಿ ಎಂದು ಸವಿತಾಳನ್ನೇ ಕೇಳಿದರು. ನನಗೆ ಅಷ್ಟು ಸಾಕಾಯಿತು.

ಫಕೀರಪ್ಪ ನನ್ನ ಹತ್ತಿರ ಬಂದ. "ಅಕ್ಕೋರ, ಸೊಸೀನ ಎಲ್ಲಿಂದ ಹುಡುಕಿ ತಂದ್ರಿ?"

ಶಿರಹಟ್ಟಿಯಿಂದ ಎಂದೆ. ಇನ್ನೇನು ಹೇಳಲಿ?

ಸಂಜೆ ಬಸ್ಸಿನಲ್ಲಿ ಸವಿತಾ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು. ನನಗೆ ನಿದ್ದೆ ಬರಲಿಲ್ಲ. ಇಂಡಕ್ಷನ್ ತರಿಸುವ ಜಾಣರು ಬಹಳ ಸಿಗುತ್ತಾರೆ. ತನ್ನ ಜಾಗವೇ ಹೋಗುವ ಹೊತ್ತಿನಲ್ಲಿ, ಎದುರಿಗಿರುವ ಹಿರಿಯನ ನಿಂಬೆಹಣ್ಣಿಗೂ ಜಾಗ ಹುಡುಕುವವರು? ನಾನು ಶಾಲೆಯಲ್ಲಿ ಶಿಸ್ತು ಕಲಿಸಿದವಳು. ಶಿಸ್ತೆಂದರೆ ಬೋರ್ಡ್ ಹಾಕುವುದು ಎಂದೇ ಬಹಳ ದಿನ ನಂಬಿದ್ದೆ. ಅವಳು ನಿಯಮ ಸಡಿಲಿಸಲಿಲ್ಲ. ತಂತಿ ಒಳಗೆ ಬರಕೂಡದು, ಬರಲೂ ಇಲ್ಲ. ಆದರೆ ಫಕೀರಪ್ಪ ಒಳಗೇ ಉಳಿದ.

ನಮ್ಮ ಮನೆಗಳಲ್ಲೂ ಹೊಸದು ಬಂದ ಮೊದಲ ದಿನ ಹೊಗೆ ಏಳುತ್ತದೆ. ಹೊಸ ಸೊಸೆ, ಹೊಸ ಒಲೆ, ಹೊಸ ಪದ್ಧತಿ, ಯಾವುದೇ ಇರಲಿ. ಹೊಗೆ ಕಂಡ ಕೂಡಲೇ ಒಬ್ಬರು ಹೊಸದನ್ನು ಹೊರಗೆ ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಹಳೆಯದನ್ನು. ಬಗ್ಗಿ ನೋಡುವವರು ಯಾರು?

ತಂತಿ ಬಿಚ್ಚಿ ನೂಲು ಕಟ್ಟಿದರೆ ಮುಗಿಯುವ ಜಗಳಕ್ಕೆ, ನಾವು ಎಷ್ಟು ಸಲ ಲಾರಿ ತರಿಸಿದ್ದೇವೆ?